ಬೈಗುಳ ಮಾತ್ರ ಕೊನೆಗೆ ಬಂದವರಿಗೆ

ಕಾಫಿ ಕೊಯ್ಲು ಶುರುವಾದರೆ ಸಾಕು, ನಮ್ಮ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಅದೇ ಮಾತು. ಅಸ್ಸಾಂನವರು ಜಾಸ್ತಿ ಆದರು, ಹೊರಗಿನವರಿಂದ ಊರು ಕೆಟ್ಟಿತು. ಬೆಳಿಗ್ಗೆ ಹೀಗೆ ಬರೆದವರೇ ಸಂಜೆ ಮೇಸ್ತ್ರಿಗೆ ಫೋನ್ ಮಾಡಿ, "ಹಣ್ಣು ಉದುರ್ತಾ ಇದೆ, ಹತ್ತು ಜನ ಸಿಗ್ತಾರಾ?" ಅಂತ ಕೇಳುತ್ತಾರೆ.

ಜನ ಸುಮ್ನೆ ಗಂಟುಮೂಟೆ ಕಟ್ಟಿಕೊಂಡು ಬರುವುದಿಲ್ಲ. ಮೊದಲು ಆಳುವವರು ಬದಲಾಗುತ್ತಾರೆ, ಆಮೇಲೆ ಜಮೀನಿನ ಲೆಕ್ಕ. ಕೂಲಿಯವರು ಬರುವುದು ಕೊನೆಗೆ.

1834 ತಗೊಳ್ಳಿ. ಕಂಪನಿ ಸರ್ಕಾರ ಹಾಲೇರಿ ವಂಶದ ಅರಸ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿತು. (ಆ ಹಾಲೇರಿ ಅರಸರೂ ಹೊರಗಿಂದ ಬಂದವರೇ, ಅಲ್ವಾ?) ಅಮರ ಸುಳ್ಯವನ್ನು ಕೊಡಗಿನಿಂದ ಕಿತ್ತು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಅದುವರೆಗೆ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದು ಕಟ್ಟಬೇಕು ಅಂದರು. ಬೆಟ್ಟದೂರಿನಲ್ಲಿ ನಗದು ಎಲ್ಲಿಂದ ಬರಬೇಕು? 1837ರಲ್ಲಿ ಜನ ದಂಗೆ ಎದ್ದರು, ಮಂಗಳೂರಿನವರೆಗೂ ನುಗ್ಗಿದರು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿ ಹತ್ತಿರ ಕಾಫಿ ತೋಟ ಹಾಕಿದ. ಅವನ ಹಿಂದೆ ಇನ್ನಷ್ಟು ಬಿಳಿಯರು ಬಂದರು. ಕಾಡು ಕಡಿದು ತೋಟ ಮಾಡಲು ಮೈಸೂರು, ಮಲಬಾರ್, ತಮಿಳು ಸೀಮೆಗಳಿಂದ ಆಳುಗಳನ್ನು ಕರೆಸಿದರು. ತೋಟದ ಆಳುಗಳು ಇರುವ ನಮ್ಮ ಲೈನ್ ಮನೆಗಳ ಕಥೆ ಶುರುವಾಗುವುದು ಅಲ್ಲಿಂದ.

ಅದೇ 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಕಬ್ಬು ಕಡಿಯೋಕೆ ಜನ ಬೇಕಲ್ಲ? ನವೆಂಬರಿನಲ್ಲಿ ಅಟ್ಲಾಸ್ ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿಯನ್ನು ಕರಾರಿನ ಮೇಲೆ ಮಾರಿಷಸ್‌ಗೆ ಒಯ್ದಿತು. ಮುಂದೆ ಹೀಗೆ ಹೋದ ಭಾರತೀಯರು ಲಕ್ಷಗಟ್ಟಲೆ. 1968ರಲ್ಲಿ ಆ ದೇಶ ಸ್ವತಂತ್ರವಾದಾಗ ಮೊದಲ ಪ್ರಧಾನಿಯಾದ ಶಿವಸಾಗರ ರಾಮಗುಲಾಮ್ ಅಂಥ ಒಬ್ಬ ಕೂಲಿಯ ಮಗ. ಇದನ್ನು ಹೆಮ್ಮೆಯಿಂದ ಫಾರ್ವರ್ಡ್ ಮಾಡುವವರೂ ನಾವೇ!

ಹವಾಯಿಯಲ್ಲೂ ಕಬ್ಬಿನ ತೋಟಗಳೇ. 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಇಳಿಸಿದವರು ತೋಟದ ಧಣಿಗಳು ಮತ್ತು ವ್ಯಾಪಾರಿಗಳು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ಸೇರಿಸಿಕೊಂಡಿತು. ಅಲ್ಲಿ ಕೂಲಿಗೆ ಬಂದಿದ್ದ ಜಪಾನಿಯರು ಯಾರ ಸಿಂಹಾಸನವನ್ನೂ ಮುಟ್ಟಿರಲಿಲ್ಲ.

ಹಾಗಂತ ನಮ್ಮ ಭಯ ಸುಳ್ಳು ಅಂತಲ್ಲ. ಚಿಕ್ಕ ಜಿಲ್ಲೆ, ಚಿಕ್ಕ ಭಾಷೆಗಳು. ಸಿ ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಕೈಕೆಳಗಿನ ಪುಟ್ಟ ಪ್ರತ್ಯೇಕ ರಾಜ್ಯವಾಗಿದ್ದಾಗ ಕೊಡಗಿಗೆ 24 ಶಾಸಕರಿದ್ದರು, ಪೂಣಚ್ಚನವರು ಮುಖ್ಯಮಂತ್ರಿ. ಈಗ ಶಾಸಕರು ಇಬ್ಬರೇ. ನಮ್ಮದೇ ವಿಧಾನಸಭೆ ಹೋದದ್ದು 1956ರ ರಾಜ್ಯ ಪುನರ್ವಿಂಗಡಣೆಯಿಂದ. ಕೊಯ್ಲಿಗೆ ಬಂದ ಅಸ್ಸಾಂ ಹುಡುಗನಿಗೂ ಅದಕ್ಕೂ ಏನು ಸಂಬಂಧ?

ಸರಿ, ಊರಿನ ಮೂಲದವರ ಬಗ್ಗೆ ಕಾಳಜಿ ಅನ್ನುವುದಾದರೆ ಇಲ್ಲಿನ ಆದಿವಾಸಿಗಳಾದ ಜೇನು ಕುರುಬರು, ಎರವರ ವಿಷಯಕ್ಕೆ ಬನ್ನಿ. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಅವರ ಗುಡಿಸಲು ಕಿತ್ತು ಹಾಕಿದರು. ಕೊಟ್ಟ ಕಾರಣ, ಅದು ಅರಣ್ಯ ಜಾಗ. ಕಾಡನ್ನು ಸರ್ಕಾರದ ಹೆಸರಿಗೆ ಬರೆದುಕೊಳ್ಳುವ ಕಾನೂನು ತಂದವರೂ ಅದೇ ಬ್ರಿಟಿಷರು.