ಬೂದಿ ಸರಿಯಾಗಿ ಕಾಣ್ತಿದೆಯಾ?

ಬೂದಿ ಬುಧವಾರ ಮುಗಿಯಿತು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ ಅದು, ಚರ್ಚಿನಲ್ಲಿ ಹಣೆಗೆ ಬೂದಿಯಿಂದ ಶಿಲುಬೆ ಗುರುತು ಹಾಕುತ್ತಾರೆ. ನನ್ನ ಫೋನಿನಲ್ಲಿ ಹದಿನಾಲ್ಕು ಹಣೆಗಳು ಬಂದು ಕೂತಿವೆ. ಎಲ್ಲಾ ಸ್ಟೇಟಸ್ ಕೃಪೆ. ಒಬ್ಬರ ಹಣೆಯ ಶಿಲುಬೆ ಸ್ವಲ್ಪ ಸೊಟ್ಟಗಿತ್ತು. ಪಾಪ, ಆ ಫೋಟೊ ಅಳಿಸಿ, ಕಿಟಕಿ ಪಕ್ಕ ನಿಂತು ಮತ್ತೊಂದು ತೆಗೆದು ಹಾಕಿದ್ದರು. ಅರ್ಧ ಮುಚ್ಚಿದ ಕಣ್ಣು, ಕೊಂಚ ತಗ್ಗಿದ ಗಲ್ಲ. ಕೆಳಗೆ ‘ನೀನು ಮಣ್ಣು, ಮಣ್ಣಿಗೇ ಸೇರುವೆ’ ಅಂತ ಬರಹ. ಮಣ್ಣಿಗೆ ಫಿಲ್ಟರ್ ಬೇರೆ.

ತಮಾಷೆ ಏನಂದ್ರೆ, ಅವತ್ತಿನ ಪೂಜೆಯಲ್ಲಿ ಓದುವುದು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ. ಪ್ರತಿ ವರ್ಷವೂ ಅದೇ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ, ಜನರಿಗೆ ಗೊತ್ತಾಗುವುದು ಬೇಡ. ಇದನ್ನು ನಿಂತು ಕೇಳುತ್ತೇವೆ. ಆಮೇಲೆ ಸಾಲಿನಲ್ಲಿ ಹೋಗಿ ಮುಖಕ್ಕೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಬಾಗಿಲು ದಾಟುವಷ್ಟರಲ್ಲಿ ಕ್ಯಾಮೆರಾ ಆನ್. ಬೂದಿ ಮೇಲೆ ನನಗೇನೂ ಸಿಟ್ಟಿಲ್ಲ. ಕಳೆದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟು ಮಾಡಿದ್ದು, ಅದರ ಪಾಡಿಗೆ ಅದು ಇರುತ್ತೆ.

ಅದೇ ಅಧ್ಯಾಯದಲ್ಲಿ ತುತ್ತೂರಿ ಊದಿಸಿ ದಾನ ಕೊಡುವವರಿದ್ದಾರಲ್ಲ, ಅವರಿಗೆ ಸಿಗಬೇಕಾದ ಫಲ ಸಿಕ್ಕಾಯಿತು ಅನ್ನುತ್ತಾರೆ ಯೇಸುಸ್ವಾಮಿ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದವನ್ನು ಆ ಕಾಲದಲ್ಲಿ ರಸೀದಿಗಳಲ್ಲಿ ಬರೆಯುತ್ತಿದ್ದರು. ಪೂರ್ತಿ ಸಂದಿದೆ, ಲೆಕ್ಕ ಚುಕ್ತಾ, ಅಂತ. ನೂರಾ ಹನ್ನೆರಡು ಲೈಕ್ ಬಂತಾ? ಸರಿ, ಸಹಿ ಹಾಕಿ ಹೊರಡಿ. ಮೇಲೆ ಹೋಗಿ ಬಾಕಿ ಕೇಳಬೇಡಿ.

ಇದು ಫೋನ್ ತಂದ ಕಾಯಿಲೆ ಅಂದುಕೊಂಡರೆ ತಪ್ಪು. ದಿದಾಖೆ ಅಂತ ಆದಿಸಭೆಯ, ಅಂದರೆ ಮೊದಮೊದಲ ಕ್ರೈಸ್ತರ ಕಾಲದ ಸಣ್ಣ ಕೈಪಿಡಿ ಇದೆ. ಕಪಟಿಗಳ ಹಾಗೆ ಉಪವಾಸ ಮಾಡಬೇಡಿ ಅನ್ನುತ್ತೆ. ಆಹಾ, ಈಗ ಹೃದಯದ ಮಾತು ಬಂತು ಅಂತ ಕಾಯುತ್ತೀರಿ. ಬರುವುದು ವಾರದ ಲೆಕ್ಕ. ಅವರು ಸೋಮವಾರ, ಗುರುವಾರ ಮಾಡುತ್ತಾರೆ, ನೀವು ಬುಧವಾರ, ಶುಕ್ರವಾರ ಮಾಡಿ! ಮುಗೀತು. ಎಂಥ ಸುಲಭದ ಔಷಧಿ, ಅಲ್ವಾ? ಹೃದಯ ಹಾಗೇ ಇರಲಿ, ಕ್ಯಾಲೆಂಡರ್ ಬದಲಾಯಿಸಿ.

ಬೂದಿ ಹಚ್ಚದ ಸಭೆಯವರು ಈಗ ಮುಸಿಮುಸಿ ನಗುವುದು ಬೇಡ. ಆರಾಧನೆ ಲೈವ್ ಹೋಗುವಾಗ ಯಾವ ಕೈ ಎಷ್ಟು ಎತ್ತರ ಏಳುತ್ತೆ, ಕಣ್ಣೀರು ಯಾವ ಕಡೆ ಕೆನ್ನೆ ಮೇಲೆ ಇಳಿಯುತ್ತೆ ಅನ್ನುವುದು ಕ್ಯಾಮೆರಾ ಹಿಡಿದವರಿಗೆ ಗೊತ್ತು. ಯೇಸುಸ್ವಾಮಿ ಹೇಳಿದ ಫರಿಸಾಯ ಮತ್ತು ಸುಂಕದವನ ಕಥೆ ಇದೆಯಲ್ಲ, ಧರ್ಮನಿಷ್ಠನೆಂದು ಬೀಗುವ ಫರಿಸಾಯ ‘ಈ ಸುಂಕದವನ ಹಾಗೆ ನಾನಿಲ್ಲ, ಸ್ತೋತ್ರ’ ಅಂತ ಪ್ರಾರ್ಥಿಸುವುದು, ಅದನ್ನು ಕೇಳಿದ ಮೇಲೆ ಎಲ್ಲರೂ ಮನಸ್ಸಿನಲ್ಲೇ ಹೇಳಿಕೊಳ್ಳುವುದು ಒಂದೇ: ದೇವರೇ, ಆ ಫರಿಸಾಯನ ಹಾಗೆ ನಾನಿಲ್ಲ, ಸ್ತೋತ್ರ. ನಾನೂ ಅದೇ ಜಾತಿಯವನೇ. ಇಲ್ಲದಿದ್ದರೆ ಕೂತು ಹದಿನಾಲ್ಕು ಹಣೆ ಎಣಿಸುತ್ತಿದ್ದೆನಾ?

ಇಲ್ಲಿಯವರೆಗೂ ನಗಬಹುದು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬಡ ವಿಧವೆಯ ಬೋಧನೆ ಶುರುವಾದರೆ ಮಾತ್ರ ನನಗೆ ನಗು ಬರುವುದಿಲ್ಲ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ, 41ನೇ ವಚನದಿಂದ ಓದುತ್ತಾರೆ. ನಾನು ಕೇಳಿದಾಗಲೆಲ್ಲ 41ರಿಂದಲೇ. ನಲವತ್ತರಲ್ಲಿ ಏನಿದೆ ಗೊತ್ತಲ್ಲ? ವಿಧವೆಯರ ಮನೆಗಳನ್ನು ನುಂಗಿ, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಇದೆ. ಉದ್ದ ನಿಲುವಂಗಿ, ಮುಂದಿನ ಸಾಲಿನ ಆಸನ, ಬೀದಿಯಲ್ಲಿ ನಮಸ್ಕಾರ, ಎಲ್ಲಾ ಅದರ ಹಿಂದೆಯೇ ಇದೆ. ಅವರನ್ನು ಬೈದ ಉಸಿರಿನಲ್ಲೇ ಆ ಹೆಂಗಸು ಬರುತ್ತಾಳೆ. ಬೈಗುಳ ಕತ್ತರಿಸಿ, ಕಾಸು ಉಳಿಸಿಕೊಂಡು, ‘ನೋಡಿ, ಅವಳ ಹಾಗೆ ಕೊಡಿ’ ಅನ್ನುತ್ತಾರೆ. ಸಾಕಪ್ಪಾ ಸಾಕು. ಇದೇನು ಅಜ್ಞಾನವಾ? ಓದು ಬಾರದವರು ಯಾರೂ ಅಲ್ಲಿ ನಿಂತಿಲ್ಲ.

ಮುಂದಿನ ಅಧ್ಯಾಯ ಶುರುವಾಗುವುದೇ ದೇವಾಲಯದಿಂದ ಹೊರಬರುವಾಗ. ಶಿಷ್ಯನೊಬ್ಬ ಬೆರಗಾಗಿ ಹೇಳುತ್ತಾನೆ, ಗುರುವೇ, ಎಂಥ ಕಲ್ಲುಗಳು, ಎಂಥ ಕಟ್ಟಡಗಳು! ಅವಳು ಆಗಷ್ಟೇ ತನ್ನ ಜೀವನಕ್ಕಿದ್ದದ್ದನ್ನೆಲ್ಲ ಹಾಕಿ ಹೋಗಿದ್ದಾಳೆ. ಆ ರಾತ್ರಿ ಅವಳು ಏನು ತಿಂದಳು ಅಂತ ನಾನು ಕೇಳಿದ ಒಂದು ಬೋಧನೆಯಲ್ಲೂ ಬಂದಿಲ್ಲ. ಬೋಧನೆ ಮುಗಿಯುತ್ತೆ, ಹಾಡು ಶುರುವಾಗುತ್ತೆ, ಕಾಣಿಕೆ ಚೀಲ ನಮ್ಮ ಬೆಂಚಿಗೆ ಬರುತ್ತೆ.