‘ಟ್ಯಾಲಿ ಬರ್ತದೇನು?’

ನಿನ್ನೆ ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತೆ. ಬೇಡ ಅನ್ನೋರು ಈಗಲೇ ಎದ್ದು ಚಹಾಕ್ಕೆ ಹೋಗಬಹುದು.

ಗಂಜ್‌ನಲ್ಲಿ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯಲ್ಲಿ, ನಾನು ಲೆಕ್ಕ ನೋಡುವ ಒಂದು ದಾಲ್ ಮಿಲ್ ಇದೆ. 11ನೇ ತಾರೀಖಿಗೆ ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ವಿವರ, ಹೋಗಬೇಕು, ಇವರ ಸೇಲ್ಸ್ ಬಿಲ್ ಅರ್ಧಕ್ಕರ್ಧ ಇನ್ನೂ ಎಂಟ್ರಿಯೇ ಆಗಿಲ್ಲ. ಅಕೌಂಟ್ಸ್ ಹುಡುಗ ಬಿಟ್ಟು ಹೋಗಿದ್ದಾನೆ. ಎರಡು ವರ್ಷದಲ್ಲಿ ನಾಲ್ಕನೆಯವನು. ಯಾಕೆ ಯಾರೂ ನಿಲ್ಲಲ್ಲ ಅಂತ ಸಾವ್ಕಾರ್ರು ನನ್ನನ್ನೇ ಕೇಳುತ್ತಾರೆ.

ಅದೇ ಹೊತ್ತಿಗೆ ಆಳಂದ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಬಂದಳು. ಬಿಕಾಂ ಫಸ್ಟ್ ಕ್ಲಾಸ್. ಮೂರು ತಿಂಗಳ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಪ್ಲಾಸ್ಟಿಕ್ ಕವರಿನಲ್ಲಿ. ಸಾವ್ಕಾರ್ರು ಫೈಲ್ ತೆರೆಯಲೂ ಇಲ್ಲ. ಕೇಳಿದ್ದು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಬಗ್ಗೆ ಮಾತ್ರ.

‘ಟ್ಯಾಲಿ ಬರ್ತದೇನು?’

‘ಬರ್ತದ್ರಿ ಸರ್.’

‘ಎಂಟು ಸಾವಿರ. ನಾಳಿಂದ ಬಾ.’

ಮುಗೀತು. ಅವರ ಚಹಾ ಇನ್ನೂ ಆರಿರಲಿಲ್ಲ. ಕೋಟಿಗಟ್ಟಲೆ ವಹಿವಾಟಿನ ಲೆಕ್ಕ ಯಾರ ಕೈಗೆ ಹೋಗುತ್ತಿದೆ ಅಂತ ತಿಳಿಯೋಕೆ ಅವರಿಗೆ ಅಷ್ಟು ಸಾಕಾಯಿತು. ಇದೇ ಮನುಷ್ಯ ಲಾರಿ ಡ್ರೈವರನ್ನು ಇಟ್ಟುಕೊಳ್ಳುವ ಮುಂಚೆ ಸೇಡಂ ರಸ್ತೆಯಲ್ಲಿ ಎರಡು ಸುತ್ತು ಗಾಡಿ ಓಡಿಸಿ ನೋಡಿದ್ದರು!

ನನ್ನ ಬಾಯಿ ಸುಮ್ನಿರಬೇಕಲ್ಲ. ‘ತಂಗಿ, ಒಂದು ಕೇಳ್ತೀನಿ. ಸಾವ್ಕಾರ್ರು ಗಲ್ಲಾದಿಂದ ಐದು ಸಾವಿರ ತಗೊಂಡು ಮಗಳ ಸ್ಕೂಲ್ ಫೀಸ್ ಕಟ್ಟಿದ್ರು. ಎಲ್ಲಿ ಬರೀತೀ?’

ತಟ್ಟನೆ ಹೇಳಿದಳು. ‘ಎಫ್ 5 ಸರ್. ಪೇಮೆಂಟ್ ವೋಚರ್.’

ಟ್ಯಾಲಿಯಲ್ಲಿ ಹಣ ಕೊಟ್ಟಿದ್ದನ್ನು ಬರೆಯುವ ಕೀ ಅದೇ, ಸರಿ. ‘ಯಾವ ಲೆಡ್ಜರಿಗೆ, ಅಂದ್ರೆ ಯಾವ ಖಾತೆಗೆ?’

‘ಎಜುಕೇಶನ್ ಎಕ್ಸ್‌ಪೆನ್ಸ್.’

ಮಿಲ್ಲಿಗೂ ಮಗಳ ಸ್ಕೂಲಿಗೂ ಏನು ಸಂಬಂಧ? ಅದು ಯಜಮಾನರ ಡ್ರಾಯಿಂಗ್ಸ್, ಸ್ವಂತಕ್ಕೆ ತೆಗೆದ ಹಣ, ಅವರ ಬಂಡವಾಳದಲ್ಲೇ ಕಡಿಮೆ ಆಗಬೇಕು. ಖರ್ಚಿಗೆ ಹಾಕಿದರೆ ಲಾಭ ಸುಳ್ಳು, ತೆರಿಗೆ ಸುಳ್ಳು. ಹೇಳಿದೆ. ಆ ಹುಡುಗಿಯ ಮುಖ ಸಣ್ಣದಾಯಿತು. ಸಾವ್ಕಾರ್ರು ಮಾತ್ರ ನಕ್ಕರು. ‘ಅಷ್ಟೆಲ್ಲ ಯಾಕ್ ಬೇಕ್ರಿ, ನೀವದೀರಲ್ಲ!’

ನನ್ನ ಸಿಟ್ಟು ಅವಳ ಮೇಲಲ್ಲ. ಎಫ್ 4 ಕಾಂಟ್ರಾ, ಎಫ್ 7 ಜರ್ನಲ್, ಎಲ್ಲ ಬಾಯಿಪಾಠ ಇದೆ. ಕೀ ಕಲಿಸಿದ್ದಾರೆ, ಲೆಕ್ಕ ಕಲಿಸಿಲ್ಲ. ಬಿಕಾಂ ಮೂರು ವರ್ಷದಲ್ಲಿ ಒಂದು ನಿಜವಾದ ಪರ್ಚೇಸ್ ಬಿಲ್ಲನ್ನು ಅವಳ ಕೈಗೆ ಯಾರೂ ಕೊಟ್ಟಿಲ್ಲ. ಅಡತಿ (ಕಮಿಷನ್ ಏಜೆಂಟ್) ಅಂಗಡಿಯ ಪಟ್ಟಿಯಲ್ಲಿ ತೂಕ, ಹಮಾಲಿ, ಕಮಿಷನ್, ಮಾರ್ಕೆಟ್ ಸೆಸ್ಸು ಹೇಗೆ ಬೇರೆ ಬೇರೆ ನಿಲ್ಲುತ್ತವೆ ಅಂತ ತೋರಿಸಿಲ್ಲ. ಕ್ವಿಂಟಲ್ ತೊಗರಿ ಒಡೆದರೆ 70 ಕಿಲೋ ಆಸುಪಾಸು ಬೇಳೆ. ಮಿಕ್ಕಿದ್ದು ನುಚ್ಚು, ಹೊಟ್ಟು. ಆ ಹೊಟ್ಟೂ ದನದ ಮೇವಿಗೆ ಮಾರಾಟ ಆಗುತ್ತೆ, ಅದೂ ಲೆಕ್ಕಕ್ಕೆ ಬರಬೇಕು. ಇದು ಗೊತ್ತಿಲ್ಲದವರು ಕ್ವಿಂಟಲಿಗೆ 85 ಕಿಲೋ ಬೇಳೆ ಬರೆದರೂ ಟ್ಯಾಲಿ ನಗಲ್ಲ. ಆಡಿಟರ್ ನಗುತ್ತಾರೆ.

2022ರ ಜುಲೈ 18 ನೆನಪಿದೆಯಾ? ಅಂದಿನಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಬೇಳೆ ಚೀಲಕ್ಕೆ 5% ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅದೇ ಬೇಳೆ, ಅದೇ ಮಿಲ್, ಚೀಲದ ಅಳತೆ ಬದಲಾದರೆ ತೆರಿಗೆ ಬದಲು. ಇದನ್ನು ಕೀಬೋರ್ಡ್ ಹೇಳುತ್ತಾ? ನೋಟಿಫಿಕೇಶನ್ ಓದಿದವರು ಹೇಳಬೇಕು. ಓದೋಕೆ ಅವರಿಗೆ ಟೈಮು, ಸಂಬಳ ಎರಡೂ ಇರಬೇಕು.

ಮತ್ತೆ ಅದೇ ಮಾತು: ‘ಟ್ಯಾಲಿ ಬರ್ತದೇನು?’

ನಾನೇನು ಹುಟ್ಟುತ್ತಲೇ ಜಾಣನಾ? ನನ್ನ ಮೊದಲ ಕೆಲಸವೂ ಇದೇ ಪ್ರಶ್ನೆಯಿಂದಲೇ ಸಿಕ್ಕಿದ್ದು. ಇವತ್ತು ಒಪ್ಪಿಕೊಂಡುಬಿಡುತ್ತೇನೆ, ಮನೆಯವರಿಗೂ ಹೇಳಿರಲಿಲ್ಲ. ಸೇರಿದ ಮೂರನೇ ತಿಂಗಳು ಬ್ಯಾಂಕ್ ಲೆಕ್ಕ ಕೂಡಲಿಲ್ಲ. 9,000 ರೂಪಾಯಿ ಫರಕು. ಎರಡು ದಿನ ಹುಡುಕಿದೆ. ಬೈಯ್ಯುತ್ತಾರೆ ಅನ್ನೋ ಭಯಕ್ಕೆ ಆ 9,000ವನ್ನು ಸಸ್ಪೆನ್ಸ್ ಖಾತೆಗೆ (ಯಾವುದರದ್ದು ಅಂತ ಗೊತ್ತಾಗದ ಮೊತ್ತ ಇಡುವ ಖಾತೆ) ತಳ್ಳಿ ಬ್ಯಾಂಕ್ ಕೂಡಿಸಿಬಿಟ್ಟೆ. ಟ್ಯಾಲಿ ಒಂದು ಮಾತೂ ಆಡಲಿಲ್ಲ. ಅದಕ್ಕೆ ಡೆಬಿಟ್ಟೂ ಕ್ರೆಡಿಟ್ಟೂ ಸಮ ಇದ್ದರೆ ಮುಗೀತು.

ದೀಪಾವಳಿ ಲೆಕ್ಕದ ಹೊತ್ತಿಗೆ ಒಂದು ಅಡತಿ ಅಂಗಡಿಗೆ ನಾವು 9,000 ಕೊಡಬೇಕು ಅಂತ ಪುಸ್ತಕ ತೋರಿಸಿತು. ಕಳಿಸಿಯೂ ಬಿಟ್ಟೆ! ಆ ಪುಣ್ಯಾತ್ಮರು ‘ನಮ್ಮದು ಯಾವಾಗಲೋ ಚುಕ್ತಾ ಆಗ್ಯದ’ ಅಂತ ವಾಪಸ್ ಕಳಿಸಿದರು. ಆಗ ಪಕ್ಕದ ಅಂಗಡಿಯ ಹಳೆಯ ಮುನೀಮರು, ಕೈಯಲ್ಲಿ ಲೆಕ್ಕದ ಪುಸ್ತಕ ಬರೆಯುವ ಕಿರ್ದಿ ಖತಾವಣಿ ಕಾಲದವರು, ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಮಾತು. ‘ಫರಕು ಒಂಬತ್ತರಿಂದ ಭಾಗ ಆಗ್ತದೇನು ತಮ್ಮಾ? ಆದ್ರ ಮೊದ್ಲು ಅಂಕಿ ಅದಲಿ ಬದಲಿ ಆಗ್ಯಾವೇನು ನೋಡು.’ 54,300ರ ಚೆಕ್ಕನ್ನು ನಾನು 45,300 ಅಂತ ಬರೆದಿದ್ದೆ. ಐದು ನಿಮಿಷದಲ್ಲಿ ಸಿಕ್ಕಿತು. ಆ ಮುನೀಮರಿಗೆ ಮೌಸ್ ಹಿಡಿಯೋಕೂ ಬರುತ್ತಿರಲಿಲ್ಲ.

ಆಮೇಲೇ ನಾನು ಸೀರಿಯಸ್ಸಾಗಿ ಓದೋಕೆ ಶುರು ಮಾಡಿದ್ದು. ಸಿಎಂಎ ಇನ್‌ಸ್ಟಿಟ್ಯೂಟಿನವರು ಅಕೌಂಟಿಂಗ್ ಟೆಕ್ನಿಷಿಯನ್ ಕೋರ್ಸು ನಡೆಸುತ್ತಾರೆ, ಕರೆಯೋದು ಕ್ಯಾಟ್ ಅಂತ. ಪಿಯುಸಿ ಆದವರು ಸೇರಬಹುದು. ಐಐಎಂ ಪ್ರವೇಶ ಪರೀಕ್ಷೆಯ ಹೆಸರೂ ಕ್ಯಾಟೇ. ನಾನು ಕ್ಯಾಟ್ ಓದುತ್ತಿದ್ದೇನೆ ಅಂದಿದ್ದಕ್ಕೆ ನಮ್ಮ ಸೋದರಮಾವ ಹುಡುಗ ಐಐಎಂಗೆ ಹೊರಟ ಅಂತ ಊರೆಲ್ಲ ಸಾರಿಬಿಟ್ಟರು. ಎರಡು ಕನ್ಯೆ ಬಂದು ವಾಪಸ್ ಹೋದವು. ಅದಿರಲಿ. ಬಿಕಾಂ ಆದವರಿಗೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಹೆಸರು ನೋಂದಾಯಿಸುವ ದಾರಿಯೂ ಇದೆ, ಅದಕ್ಕೊಂದು ಪರೀಕ್ಷೆ ಇದೆ. ನಮ್ಮ ಜಿಲ್ಲೆಯಲ್ಲಿ ಇದನ್ನೆಲ್ಲ ಕಾಲೇಜಿನಲ್ಲಿ ಕೂರಿಸಿ ಹೇಳುವವರು ಎಷ್ಟು ಜನ? ಸರ್ಕಾರಿ ಗುಮಾಸ್ತಿಕೆಗೆ ಎಫ್‌ಡಿಎ, ಎಸ್‌ಡಿಎ ಅರ್ಜಿ ಹಾಕು, ಕಲ್ಯಾಣ ಕರ್ನಾಟಕದ ಮೀಸಲಾತಿಗೆ 371 ಜೆ ಸರ್ಟಿಫಿಕೇಟ್ ಮಾಡಿಸಿಟ್ಟುಕೋ, ಕಾಯಿ. ಅಷ್ಟೇ ಸಲಹೆ. ಹಾಕಲಿ, ಬೇಡ ಅನ್ನಲ್ಲ. ಕಾಯುವಾಗ ಕೈಯಲ್ಲಿ ಒಂದು ಕಸುಬು ಇರಬಾರದಾ?

ಗೊತ್ತು, ಕಾಮೆಂಟಿನಲ್ಲಿ ಬರುತ್ತೀರಿ. ‘ಮಳೆ ಕೈಕೊಟ್ಟ ವರ್ಷ ಮಿಲ್ ಮಾಲೀಕರ ಪಾಡೇನು, ಸಂಬಳ ಎಲ್ಲಿಂದ ಕೊಡೋದು?’ ಕಷ್ಟ ಇದೆ, ಕಣ್ಣಾರೆ ನೋಡಿದ್ದೇನೆ. ಆದರೆ 20ಕ್ಕೆ ಹೋಗಬೇಕಾದ 3ಬಿ, ಅಂದರೆ ತೆರಿಗೆ ಕಟ್ಟುವ ತಿಂಗಳ ಜಿಎಸ್‌ಟಿ ರಿಟರ್ನ್, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀಸು, ಕಟ್ಟಬೇಕಾದ ತೆರಿಗೆ ಮೇಲೆ 18% ಬಡ್ಡಿ. 14ರ ನಂತರ 2ಬಿ (ನಮಗೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ತೆಗೆದು ಯಾರ ಬಿಲ್ ಬಂದಿಲ್ಲ ಅಂತ ನೋಡದಿದ್ದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ಟೂ ಕೈತಪ್ಪುತ್ತೆ. ಅದಕ್ಕೆಲ್ಲ ದುಡ್ಡು ಇರುತ್ತೆ, ಹುಡುಗಿಗೆ ಎರಡು ಸಾವಿರ ಜಾಸ್ತಿ ಕೊಡೋಕೆ ಮಾತ್ರ ಬರ! ‘ಇನ್ನು ಎಲ್ಲಾ ಎಐ ಮಾಡ್ತದೆ’ ಅನ್ನೋರಿಗೆ ನಮ್ಮ ಗಂಜ್‌ನ ಒಂದು ಕೈಬರಹದ ಪಟ್ಟಿ ಕಳಿಸುತ್ತೇನೆ. ಓದಿಸಿ ತೋರಿಸಿ, ಮಿರ್ಚಿ ಸುಸ್ಲಾ ನನ್ನ ಕಡೆಯಿಂದ.

ಇಷ್ಟು ಬರೆಯುವಾಗಲೇ ಫೋನು ಬಂತು. ಹೊಸ ನಂಬರು. ಅದೇ ಹುಡುಗಿ, ಇವತ್ತು ಸೇರಿದ್ದಾಳೆ. ದನಿ ತಗ್ಗಿಸಿ ಕೇಳಿದಳು. ‘ಸರ್, ಖಾಲಿ ಚೀಲ ಮಾರಿದ್ ರೊಕ್ಕ ಸಾವ್ಕಾರ್ರು ಕಿಸೇದಾಗ ಇಟ್ಕೊಂಡ್ರಿ. ಚೀಲದ ಮಾರಾಟ ಬರ್ದು, ಆಮ್ಯಾಲ ಅದನ್ನ ಡ್ರಾಯಿಂಗ್ಸಿಗೆ ಹಾಕ್ಲೇನ್ರಿ?’