ಡಿಎಚ್‌ಒ ಕುರ್ಚಿಗೆ ಬರೀ ಒಳ್ಳೆ ಡಾಕ್ಟರ್ ಆದರೆ ಸಾಲದು

ಹೊಸ ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ, ಬಂದರು ಅಂದರೆ ನಮ್ಮ ಕಲಬುರಗಿ ಕಡೆ ಜನ ಮೊದಲು ಕೇಳುವುದು, "ಕೈಗುಣ ಹೆಂಗದರೀ?" ಅಂತ. ಹೆಸರು ಮಾಡಿದ ಸರ್ಜನ್ ಆಗಿದ್ದರಂತೂ ಎಲ್ಲರಿಗೂ ಖುಷಿ. ನನಗೆ ಮಾತ್ರ ಬೇಜಾರು. ಆಪರೇಷನ್ ಮಾಡುವ ಕೈ ಒಂದು ಕಮ್ಮಿಯಾಯಿತು, ಮೀಟಿಂಗಿಗೆ ಕೂರುವವರು ಒಬ್ಬರು ಜಾಸ್ತಿಯಾದರು, ಅಷ್ಟೇ ಅಲ್ವಾ?

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಮೂರೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಯವು. ಡಿಎಚ್‌ಒ ಪಾಲಿಗೆ ಬರುವುದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಉಪಕೇಂದ್ರ, ಲಸಿಕೆ, ಟಿಬಿ, ಡೆಂಗಿ, ವಾಂತಿಭೇದಿ. ಅಂದರೆ ಆಸ್ಪತ್ರೆಗೆ ಬರುವ ಮುಂಚಿನ ಕೆಲಸ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರೇ. ಆಗ ಬೇಕಾಗಿದ್ದು ಯಾರು ಯಾರ ಸಂಪರ್ಕಕ್ಕೆ ಬಂದರು ಅಂತ ಪಟ್ಟಿ ಮಾಡಿ ಮನೆಮನೆಗೆ ಹೋಗುವ ಲೆಕ್ಕಾಚಾರ. ಸ್ಕಾಲ್ಪೆಲ್ ಅಲ್ಲ.

ಕಳೆದ ಮಳೆಗಾಲ ಸಂಬಂಧಿಕರ ಊರಿಗೆ ಹೋಗಿದ್ದೆ. ಅಲ್ಲಿನ ಆರೋಗ್ಯ ನಿರೀಕ್ಷಕರ ಕಿಟಕಿ ಕಟ್ಟೆ ಮೇಲೆ ನೀರು ಪರೀಕ್ಷೆಯ ಎರಡು ಸಣ್ಣ ಬಾಟಲಿ ಇದ್ದವು. ನಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟರೆ ಸಾಕು, ಕೊಳಚೆಯ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುತ್ತದೆ. ಒಂದು ಹಾಗೇ ಇತ್ತು. ಇನ್ನೊಂದು ಕಾಡಿಗೆ ಕಲಸಿದ ಹಾಗೆ ಕಪ್ಪು. ಆ ನಲ್ಲಿಯ ಪೈಪು ಚರಂಡಿಯೊಳಗೇ ಹಾದು ಬರುತ್ತದೆ, ವಾಲ್ವ್ ಹತ್ತಿರ ಬಟ್ಟೆ ಸುತ್ತಿದ್ದಾರೆ. "ಪಂಚಾಯ್ತಿಗಿ ಪತ್ರ ಬರ್ದೀನ್ರಿ ಸರ. ಪೈಪು ನಮ್ದಲ್ಲ, ಇನ್ನೇನ್ ಮಾಡ್ಲಿ?" ಅಂದರು. ಅವರ ಮಾತು ಸುಳ್ಳಲ್ಲ. ಆ ಕಪ್ಪು ಬಾಟಲಿಯನ್ನು ಜಿಲ್ಲಾ ಪಂಚಾಯತ್ ಸಿಇಒ ಮೇಜಿನ ಮೇಲಿಟ್ಟು, ಪೈಪ್ ಬದಲಾಗುವ ತನಕ ಬಿಡದೆ ಕೂರುವವರು ಬೇಕು. ಅದು ಡಿಎಚ್‌ಒ ಕೆಲಸ. ಅವರೇ ಪ್ರಭಾರದಲ್ಲಿದ್ದು, ಅಂದರೆ ಹಂಗಾಮಿಯಾಗಿದ್ದು, ನಾಳೆ ಇರುತ್ತೇನೋ ಇಲ್ಲವೋ ಅನ್ನುವ ಹಾಗಿದ್ದರೆ ಯಾರ ಜೊತೆ ಜಗಳ ಮಾಡುತ್ತಾರೆ?

ಕೂಲಿಗಾಗಿ ಊರು ಬಿಟ್ಟು ಹೋಗುವ ಗುಳೆಯದ್ದೂ ಇದೇ ಕಥೆ. ಯಾದಗಿರಿ ತಾಂಡಾಗಳಿಂದ ಗರ್ಭಿಣಿಯರು ತಾಯಿ ಕಾರ್ಡ್ ಗಂಟಿನಲ್ಲಿ ಕಟ್ಟಿಕೊಂಡು ಬೆಂಗಳೂರು, ಪುಣೆಗೆ ಹೋಗುತ್ತಾರೆ. ಯಾವ ತಿಂಗಳು ಯಾವ ತಾಂಡಾ ಖಾಲಿಯಾಗುತ್ತದೆ ಅನ್ನುವುದು ಆಶಾ ಅಕ್ಕನಿಗೆ ಗೊತ್ತು. ಅದನ್ನು ಕೇಳಿ ಲಸಿಕೆ ದಿನ ಹಿಂದೆಮುಂದೆ ಮಾಡಲು ಮೇಲಿನವರು ಒಂದೆರಡು ವರ್ಷವಾದರೂ ಅಲ್ಲೇ ಇರಬೇಕು.

ಇದೇನು ಹೊಸ ಮಾತಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲೇ ರಾಜ್ಯಕ್ಕೆ ವರದಿ ಕೊಟ್ಟು, ಸಾರ್ವಜನಿಕ ಆರೋಗ್ಯಕ್ಕೆ ಬೇರೆ ಕೇಡರ್, ಅಂದರೆ ಅದಕ್ಕೇ ಮೀಸಲಾದ ಅಧಿಕಾರಿ ವರ್ಗ, ಮಾಡಿ ಅಂದಿತ್ತು. 2022ರಲ್ಲಿ ಕೇಂದ್ರವೂ ಅದೇ ಮಾರ್ಗಸೂಚಿ ಕಳಿಸಿತು. ಪಕ್ಕದ ತಮಿಳುನಾಡಿನಲ್ಲಿ 1939ರಿಂದ ಸಾರ್ವಜನಿಕ ಆರೋಗ್ಯ ಕಾಯ್ದೆ ಇದೆ, ಅದಕ್ಕೇ ಬೇರೆ ನಿರ್ದೇಶನಾಲಯವಿದೆ. ಚಿಕಿತ್ಸೆ ಬೇರೆ, ಸಾರ್ವಜನಿಕ ಆರೋಗ್ಯ ಬೇರೆ ಅನ್ನುವ ಗೆರೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ)ಯಿಂದ ನಮ್ಮ ಹುಡುಗರಿಗೆ ನೌಕರಿಯಲ್ಲಿ ಪಾಲು ಸಿಕ್ಕಿತು, ಸಂತೋಷ. ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ದುಡ್ಡಿನಲ್ಲಿ ಕಟ್ಟಡವೂ ಏಳುತ್ತವೆ. (ಗುದ್ದಲಿ ಪೂಜೆ ಫೋಟೊಗೆ ನಮ್ಮಲ್ಲಿ ಬರವಿಲ್ಲ ಬಿಡಿ.) ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಶಾಸಕರು ಕಟ್ಟಡದ ಮಾತು ಸ್ವಲ್ಪ ಬದಿಗಿಟ್ಟು ಎರಡೇ ಪ್ರಶ್ನೆ ಕೇಳಲಿ: ನಮ್ಮ ಜಿಲ್ಲೆಯ ಡಿಎಚ್‌ಒ, ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ)ಗಳಲ್ಲಿ ಪ್ರಭಾರದಲ್ಲಿರುವವರು ಎಷ್ಟು? ಸಾರ್ವಜನಿಕ ಆರೋಗ್ಯ ಓದಿದವರು ಎಷ್ಟು?